ನೈರೋಬಿಯ ಖಾಸಗಿ ವಿಶ್ವವಿದ್ಯಾಲಯಕ್ಕೆ ಸೇರುವುದು ಹೇಗೆ: ಚಾರ್ಟರ್ ನೋಡಿ, ಆಮೇಲೆ ಕೋರ್ಸ್ ನೋಡಿ

ನೈರೋಬಿಯಲ್ಲಿ ಕೆಲಸಕ್ಕೆಂದು ಬಂದು ನೆಲೆನಿಂತ ಕನ್ನಡದ ಮನೆಗಳಲ್ಲಿ ಮಕ್ಕಳು 12ನೇ ತರಗತಿಗೆ ಬಂದ ಕೂಡಲೇ ಏಳುವ ಪ್ರಶ್ನೆ ಒಂದೇ: ಬೆಂಗಳೂರಿಗೆ ಕಳಿಸೋಣವೇ, ಇಲ್ಲೇ ಓದಿಸೋಣವೇ? ಇಲ್ಲೇ ಎಂದು ತೀರ್ಮಾನಿಸಿದವರಿಗಾಗಿ ಈ ಬರಹ. ನೈರೋಬಿಯ ನೆಂಟರ ಮನೆಯಲ್ಲಿಟ್ಟು ಓದಿಸಲು ಊರಿನಿಂದ ಮಕ್ಕಳನ್ನು ಕಳಿಸುವವರಿಗೂ ಇದರ ಬಹುಪಾಲು ಉಪಯೋಗಕ್ಕೆ ಬರುತ್ತದೆ.

ಈ ನಗರದಲ್ಲಿ ಖಾಸಗಿ ವಿಶ್ವವಿದ್ಯಾಲಯಗಳಿಗೆ ಬರವಿಲ್ಲ. ಥಿಕಾ ರಸ್ತೆಯಿಂದ ಒಳಗೆ, ಕಸರಾನಿ ಕಡೆ ಯುಎಸ್‌ಐಯು-ಆಫ್ರಿಕಾ ಇದೆ. 1969ರಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದರ ಶಾಖೆಯಾಗಿ ಶುರುವಾಗಿ, 1999ರಲ್ಲಿ ಕೀನ್ಯಾ ಸರ್ಕಾರದ ಚಾರ್ಟರ್, ಅಂದರೆ ಪೂರ್ಣ ಪ್ರಮಾಣದ ವಿಶ್ವವಿದ್ಯಾಲಯ ಎಂಬ ಮಾನ್ಯತೆ, ಪಡೆದ ಸಂಸ್ಥೆ ಅದು. ಮದರಾಕಾದ ಓಲೆ ಸಂಗಾಲೆ ರಸ್ತೆಯಲ್ಲಿ ಸ್ಟ್ರಾತ್‌ಮೋರ್ ಇದೆ. 1961ರಲ್ಲಿ ಎಲ್ಲ ಜನಾಂಗದವರಿಗೂ ತೆರೆದ ಕಾಲೇಜಾಗಿ ಆರಂಭವಾದ ಅದಕ್ಕೆ ಚಾರ್ಟರ್ ಸಿಕ್ಕಿದ್ದು 2008ರಲ್ಲಿ. ಲಾಂಗಾಟಾದ ಕ್ಯಾಥೊಲಿಕ್ ಯೂನಿವರ್ಸಿಟಿ ಆಫ್ ಈಸ್ಟರ್ನ್ ಆಫ್ರಿಕಾ (1992), ವ್ಯಾಲಿ ರಸ್ತೆಯಲ್ಲೂ ಆಥಿ ರಿವರ್‌ನಲ್ಲೂ ಇರುವ ಡೇಸ್ಟಾರ್ (1994), ರುವಾರಾಕಾದ ಕೆಸಿಎ (2013) ಕೂಡ ಚಾರ್ಟರ್ ಇರುವವೇ. ಇವಲ್ಲದೆ ಸಣ್ಣಪುಟ್ಟವು ಹಲವು. ಯಾವುದು ಒಳ್ಳೆಯದು ಎಂಬ ಚರ್ಚೆಗೆ ಕೊನೆಯಿಲ್ಲ. ಆದರೆ ಯಾವುದೇ ಸಂಸ್ಥೆ ಆರಿಸಿದರೂ ಮೊದಲು ಮಾಡಬೇಕಾದ ಪರಿಶೀಲನೆ ಒಂದಿದೆ, ಅದನ್ನು ಮಾಡುವವರು ಕಡಿಮೆ.

ಚಾರ್ಟರ್ ಬೇರೆ, ಕೋರ್ಸಿನ ಅನುಮೋದನೆ ಬೇರೆ

ಕೀನ್ಯಾದಲ್ಲಿ ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನಡೆಸುವುದು ಕಮಿಷನ್ ಫಾರ್ ಯೂನಿವರ್ಸಿಟಿ ಎಜುಕೇಷನ್, ಇಲ್ಲಿನವರ ಬಾಯಲ್ಲಿ ಸಿಯುಇ. 2012ರ ಯೂನಿವರ್ಸಿಟೀಸ್ ಆ್ಯಕ್ಟ್ ಪ್ರಕಾರ ರಚನೆಯಾದ ಇದರ ಕಚೇರಿ ಗಿಗಿರಿಯ ರೆಡ್ ಹಿಲ್ ರಸ್ತೆಯಲ್ಲಿದೆ. ಸಿಯುಇ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಇಡೀ ಸಂಸ್ಥೆಯನ್ನು ಪರಿಶೀಲಿಸಿ ಚಾರ್ಟರ್‌ಗೆ ಶಿಫಾರಸು ಮಾಡುವುದು ಒಂದು. ಆ ಸಂಸ್ಥೆ ನಡೆಸುವ ಒಂದೊಂದು ಕೋರ್ಸನ್ನೂ ಪ್ರತ್ಯೇಕವಾಗಿ ಪರಿಶೀಲಿಸಿ ಅನುಮೋದಿಸುವುದು ಇನ್ನೊಂದು. ಚಾರ್ಟರ್ ಇದೆ ಎಂದ ಮಾತ್ರಕ್ಕೆ ಅಲ್ಲಿನ ಎಲ್ಲ ಕೋರ್ಸ್‌ಗಳಿಗೂ ಅನುಮೋದನೆ ಇದೆ ಎಂದಲ್ಲ. ಹೊಸ ಕೋರ್ಸಿನ ಕಡತ ಇನ್ನೂ ಕಮಿಷನ್ನಿನ ಮೇಜಿನ ಮೇಲಿರುವಾಗಲೇ ಜಾಹೀರಾತು ಹೊರಬೀಳುವುದುಂಟು, ಸೀಟು ತುಂಬುವುದೂ ಉಂಟು. ನಾಲ್ಕು ವರ್ಷ ಓದಿ ಡಿಗ್ರಿ ಕೈಗೆ ಬಂದ ಮೇಲೆ ಉದ್ಯೋಗ ಕೊಡುವವರೋ ಭಾರತದ ವಿಶ್ವವಿದ್ಯಾಲಯವೋ ಪಟ್ಟಿ ತೆಗೆದು ನೋಡಿದಾಗ ಕೋರ್ಸಿನ ಹೆಸರೇ ಇಲ್ಲದಿದ್ದರೆ, ಆಗ ಅನುಭವಿಸುವವರು ವಿದ್ಯಾರ್ಥಿಗಳೇ.

ಹಾಗಾಗಿ ಅರ್ಜಿ ಶುಲ್ಕ ಕಟ್ಟುವ ಮೊದಲೇ ಒಂದು ಸಂಜೆ ಬಿಡುವು ಮಾಡಿಕೊಂಡು ಇಷ್ಟು ನೋಡಿ. ಸಿಯುಇ ಪ್ರಕಟಿಸುವ ಪಟ್ಟಿಯಲ್ಲಿ ಸಂಸ್ಥೆ ಯಾವ ಸಾಲಿನಲ್ಲಿದೆ? ಚಾರ್ಟರ್ ಪಡೆದ ಖಾಸಗಿ ವಿಶ್ವವಿದ್ಯಾಲಯಗಳದ್ದು ಒಂದು ಸಾಲು, ‘ಲೆಟರ್ ಆಫ್ ಇಂಟರಿಮ್ ಅಥಾರಿಟಿ’ ಎಂಬ ತಾತ್ಕಾಲಿಕ ಪರವಾನಗಿಯವು ಇನ್ನೊಂದು ಸಾಲು. ಎರಡನೆಯ ಸಾಲಿನವು ಕಾನೂನುಬದ್ಧವೇ, ಆದರೆ ಇನ್ನೂ ಪರೀಕ್ಷೆಯಲ್ಲಿರುವವು. ಅಂಥ ಕಡೆ ಸೇರುವುದಾದರೆ ಡಿಗ್ರಿ ಯಾವಾಗ, ಯಾರ ಹೆಸರಿನಲ್ಲಿ ಕೊಡುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಮುಂದೆ ಅನುಮೋದಿತ ಕೋರ್ಸ್‌ಗಳ ಪಟ್ಟಿ ತೆಗೆಯಿರಿ. ಇಲ್ಲಿ ಅಕ್ಷರ ಅಕ್ಷರವೂ ಮುಖ್ಯ. ಜಾಹೀರಾತಿನಲ್ಲಿ ‘ಬಿಎಸ್ಸಿ ಇನ್ ಡೇಟಾ ಸೈನ್ಸ್’ ಎಂದಿದ್ದು ಪಟ್ಟಿಯಲ್ಲಿ ‘ಬಿಎಸ್ಸಿ ಇನ್ ಸ್ಟ್ಯಾಟಿಸ್ಟಿಕ್ಸ್’ ಮಾತ್ರ ಇದ್ದರೆ ಅವೆರಡೂ ಒಂದೇ ಅಲ್ಲ, ಅಡ್ಮಿಷನ್ ಕೌಂಟರಿನಲ್ಲಿ ಎಷ್ಟೇ ಸಮಾಧಾನ ಹೇಳಿದರೂ ಅಲ್ಲ. ಕ್ಯಾಂಪಸ್ ಯಾವುದು ಎಂಬುದನ್ನೂ ನೋಡಿ. ಮುಖ್ಯ ಕ್ಯಾಂಪಸ್ಸಿಗೆ ಸಿಕ್ಕ ಅನುಮೋದನೆಯನ್ನು ಪೇಟೆಯ ಬಾಡಿಗೆ ಮಹಡಿಯಲ್ಲಿ ನಡೆಯುವ ಶಾಖೆಗೆ ಸುಮ್ಮನೆ ಅನ್ವಯಿಸಿಕೊಳ್ಳಬೇಡಿ. ಹೆಸರು ಸಿಗದಿದ್ದರೆ ಸಿಯುಇಗೆ ಇಮೇಲ್ ಮಾಡಿ, ಸಂಸ್ಥೆ, ಕೋರ್ಸ್, ಕ್ಯಾಂಪಸ್ ಮೂರನ್ನೂ ಸ್ಪಷ್ಟವಾಗಿ ಬರೆದು ಕೇಳಿ. ಬಂದ ಉತ್ತರವನ್ನು ಮುದ್ರಿಸಿ ಫೈಲಿಗೆ ಹಾಕಿ. ಪಟ್ಟಿಯ ಆ ಪುಟವನ್ನೂ ದಿನಾಂಕ ಕಾಣುವಂತೆ ಉಳಿಸಿಕೊಳ್ಳಿ, ಏಕೆಂದರೆ ಪಟ್ಟಿ ಆಗಾಗ ಬದಲಾಗುತ್ತದೆ.

ಇನ್ನೊಂದು ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ: ಈ ಕೋರ್ಸಿಗೆ ಕಳೆದ ವರ್ಷ ಎಷ್ಟು ಜನ ಸೇರಿದರು? 2016ರಿಂದ ಸರ್ಕಾರ ತನ್ನ ಖರ್ಚಿನಲ್ಲಿ ಓದುವ ವಿದ್ಯಾರ್ಥಿಗಳನ್ನು ಖಾಸಗಿ ವಿಶ್ವವಿದ್ಯಾಲಯಗಳಿಗೂ ಕಳಿಸುತ್ತಿತ್ತು. 2023ರಲ್ಲಿ ಹೊಸ ಅನುದಾನ ಪದ್ಧತಿ ಬಂದಾಗ ಹೊಸಬರನ್ನು ಕಳಿಸುವುದು ನಿಂತಿತು. ಆ ಸಂಖ್ಯೆಯನ್ನು ನಂಬಿಕೊಂಡಿದ್ದ ಕಡೆ ಜನ ಕಡಿಮೆಯಾದ ಕೋರ್ಸ್‌ಗಳಿಗೆ ಪೆಟ್ಟು ಬೀಳುವುದು ಸಹಜ. 6-7 ಜನರ ತರಗತಿಯಲ್ಲಿ ಬೇಕಾದ ವಿಷಯ ಆ ಸೆಮಿಸ್ಟರಿನಲ್ಲಿ ನಡೆಯದೆ ಹೋಗಬಹುದು, ಆಗ ಡಿಗ್ರಿ ಆರು ತಿಂಗಳು ಮುಂದಕ್ಕೆ ಹೋಗುತ್ತದೆ.

ಕಾನೂನು, ವೈದ್ಯಕೀಯ, ಎಂಜಿನಿಯರಿಂಗ್ ಓದುವವರಿಗೆ

ಇವುಗಳಿಗೆ ಸಿಯುಇ ಜೊತೆಗೆ ವೃತ್ತಿ ಮಂಡಳಿಯನ್ನೂ ನೋಡಬೇಕು. ಕಾನೂನಿಗೆ ಕೌನ್ಸಿಲ್ ಆಫ್ ಲೀಗಲ್ ಎಜುಕೇಷನ್, ಎಂಜಿನಿಯರಿಂಗ್‌ಗೆ ಎಂಜಿನಿಯರ್ಸ್ ಬೋರ್ಡ್ ಆಫ್ ಕೀನ್ಯಾ, ನರ್ಸಿಂಗ್‌ಗೆ ನರ್ಸಿಂಗ್ ಕೌನ್ಸಿಲ್ ಆಫ್ ಕೀನ್ಯಾ, ಹೀಗೆ. ಕೋರ್ಸಿನ ಮೇಲೆ ಕೊನೆಯ ಮಾತು ಯಾರದು ಎಂದು ಸಿಯುಇ ಮತ್ತು ಮಂಡಳಿಗಳ ನಡುವೆ ಕೋರ್ಟ್ ಮೆಟ್ಟಿಲೇರುವಷ್ಟು ತಿಕ್ಕಾಟ ನಡೆದಿದೆ. ಆ ಜಗಳದಲ್ಲಿ ಯಾರು ಗೆದ್ದರೂ ವಿದ್ಯಾರ್ಥಿಗೆ ಎರಡೂ ಕಡೆಯ ಒಪ್ಪಿಗೆ ಇರುವ ಕೋರ್ಸೇ ಕ್ಷೇಮ.

ಭಾರತದ ಪಾಸ್‌ಪೋರ್ಟ್ ಇರುವವರು ಎಲ್‌ಎಲ್‌ಬಿ ಸೇರುವ ಮುನ್ನ ಎರಡು ಸಲ ಯೋಚಿಸಿ. ಕೀನ್ಯಾದ ಅಡ್ವೊಕೇಟ್ಸ್ ಆ್ಯಕ್ಟ್ ವಕೀಲಿಕೆಯ ಅರ್ಹತೆಯನ್ನು ಕೀನ್ಯಾ ಹಾಗೂ ಪೂರ್ವ ಆಫ್ರಿಕಾದ ನೆರೆ ದೇಶಗಳ ಪೌರತ್ವಕ್ಕೆ ಕಟ್ಟಿದೆ. ಇತ್ತ ಭಾರತದಲ್ಲಿ ವಕೀಲಿಕೆ ಮಾಡಬೇಕೆಂದರೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಆ ಡಿಗ್ರಿಯನ್ನು ಮಾನ್ಯ ಮಾಡಬೇಕು. ಎರಡೂ ಕಡೆ ಬಾಗಿಲು ಮುಚ್ಚುವ ಸಾಧ್ಯತೆ ಇದೆ ಎಂದು ತಿಳಿದೇ ಸೇರಿ. ವೈದ್ಯಕೀಯಕ್ಕೆ ಭಾರತದ 2021ರ ನಿಯಮ ಕಟ್ಟುನಿಟ್ಟು: ಕನಿಷ್ಠ 54 ತಿಂಗಳ ಓದು, 12 ತಿಂಗಳ ಇಂಟರ್ನ್‌ಶಿಪ್, ಇಂಗ್ಲಿಷ್ ಮಾಧ್ಯಮ, ಜೊತೆಗೆ ಓದಿದ ದೇಶದಲ್ಲೇ ವೈದ್ಯ ವೃತ್ತಿಗೆ ನೋಂದಣಿ ಸಿಗುವಂಥ ಡಿಗ್ರಿ. ಬಿಕಾಂ, ಕಂಪ್ಯೂಟರ್, ಆ್ಯಕ್ಚುವೇರಿಯಲ್ ಸೈನ್ಸ್, ಹಾಸ್ಪಿಟಾಲಿಟಿ, ಇಂಟರ್‌ನ್ಯಾಷನಲ್ ರಿಲೇಷನ್ಸ್‌ನಂಥ ಓದಿಗೆ ಈ ತೊಡಕುಗಳಿಲ್ಲ. ಖಾಸಗಿ ವಿಶ್ವವಿದ್ಯಾಲಯಗಳ ಬಲವೂ ಹೆಚ್ಚಾಗಿ ಅಲ್ಲೇ.

ಅರ್ಹತೆ: ಐಜಿಸಿಎಸ್‌ಇಗೇ ನಿಲ್ಲಿಸಬೇಡಿ

ಕೀನ್ಯಾದ ಮಕ್ಕಳಿಗೆ ಡಿಗ್ರಿ ಸೇರಲು ಪ್ರೌಢಶಾಲೆಯ ಕೊನೆಗೆ ಬರೆಯುವ ಕೆಸಿಎಸ್‌ಇ ಪರೀಕ್ಷೆಯಲ್ಲಿ ಕನಿಷ್ಠ ಸಿ ಪ್ಲಸ್ ಸರಾಸರಿ ಗ್ರೇಡ್ ಬೇಕು. ಎ-ಲೆವೆಲ್ ಮಾಡಿದವರಿಗೆ ಸಾಮಾನ್ಯವಾಗಿ 2 ಪ್ರಿನ್ಸಿಪಲ್ ಪಾಸ್, ಅಂದರೆ ಎರಡು ಮುಖ್ಯ ವಿಷಯಗಳಲ್ಲಿ ಪಾಸು, ಕೇಳುತ್ತಾರೆ. ಸಿಬಿಎಸ್‌ಇ 12 ಅಥವಾ ಕರ್ನಾಟಕದ ಪಿಯುಸಿ ಮುಗಿಸಿದವರ ಅಂಕಪಟ್ಟಿಯನ್ನು ಕೆಲವು ಕಡೆ ನೇರವಾಗಿ ಒಪ್ಪುತ್ತಾರೆ. ಕೆಲವು ಕಡೆ ಕೀನ್ಯಾ ನ್ಯಾಷನಲ್ ಎಕ್ಸಾಮಿನೇಷನ್ಸ್ ಕೌನ್ಸಿಲ್‌ನಿಂದ, ಅಂದರೆ ಕೆಎನ್‌ಇಸಿಯಿಂದ, ಸಮಾನತೆಯ ಪತ್ರ ತನ್ನಿ ಎನ್ನುತ್ತಾರೆ. ಪತ್ರ ಬೇಕೇ, ಬೇಡವೇ ಎಂದು ಅರ್ಜಿಗೂ ಮೊದಲೇ ಕೇಳಿ. ಅದು ಒಂದು ದಿನದಲ್ಲಿ ಕೈಗೆ ಸಿಗುವ ಕಾಗದವಲ್ಲ.

ಸರಾಸರಿಗಿಂತ ಹೆಚ್ಚಾಗಿ ಮಕ್ಕಳು ಎಡವುವುದು ವಿಷಯವಾರು ಅಂಕಗಳಲ್ಲಿ. ಆ್ಯಕ್ಚುವೇರಿಯಲ್, ಕಂಪ್ಯೂಟರ್, ಹಣಕಾಸಿನ ಕೋರ್ಸ್‌ಗಳಿಗೆ ಗಣಿತದಲ್ಲಿ ಬೇರೆಯೇ ಮಟ್ಟ ನಿಗದಿಯಾಗಿರುತ್ತದೆ. ಸ್ಟ್ರಾತ್‌ಮೋರ್‌ನಲ್ಲಿ ಪ್ರವೇಶ ಪರೀಕ್ಷೆಯೂ ಇದೆ. 12ರಲ್ಲಿ ಗಣಿತ ಬಿಟ್ಟು ಕಾಮರ್ಸ್ ಓದಿದ ಮಗುವಿಗೆ ಬಿಕಾಂ ಸಿಕ್ಕರೂ ಮೊದಲ ವರ್ಷದ ಕ್ಯಾಲ್ಕುಲಸ್, ಸ್ಟ್ಯಾಟಿಸ್ಟಿಕ್ಸ್ ಕಬ್ಬಿಣದ ಕಡಲೆಯಾಗುತ್ತದೆ. ಸೇರುವ ಮೊದಲಿನ ಮೂರು ತಿಂಗಳು ಗಣಿತಕ್ಕೆ ಮೀಸಲಿಟ್ಟರೆ ಒಂದು ವಿಷಯದ ಮರುಶುಲ್ಕ ಉಳಿಯುತ್ತದೆ.

ಐಜಿಸಿಎಸ್‌ಇ ವಿಷಯವನ್ನು ಒತ್ತಿ ಹೇಳಬೇಕು. ನೈರೋಬಿಯ ಬ್ರಿಟಿಷ್ ಪದ್ಧತಿಯ ಶಾಲೆಗಳಲ್ಲಿ 11ನೇ ವರ್ಷಕ್ಕೆ ಐಜಿಸಿಎಸ್‌ಇ ಮುಗಿಯುತ್ತದೆ. ಬ್ರಿಡ್ಜಿಂಗ್, ಫೌಂಡೇಷನ್ ಎಂಬ ಹೆಸರಿನಲ್ಲಿ ಅಲ್ಲಿಂದಲೇ ಡಿಗ್ರಿಯತ್ತ ಒಯ್ಯುವ ದಾರಿಗಳಿವೆ. ಒಂದು ವರ್ಷ ಉಳಿಯಿತು ಎಂದು ಮನೆಮಂದಿ ಖುಷಿಪಡುತ್ತಾರೆ. ಆದರೆ ಭಾರತದಲ್ಲಿ ಐಜಿಸಿಎಸ್‌ಇಯನ್ನು 10ನೇ ತರಗತಿಗೆ ಸಮ ಎಂದು ಪರಿಗಣಿಸುತ್ತಾರೆ. ಡಿಗ್ರಿ ಮುಗಿಸಿ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಎಂಬಿಎ, ಎಂಎಸ್ಸಿ ಸೇರಲು ಹೋದಾಗ 12 ಎಲ್ಲಿ ಎಂದು ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ಹಿಂತಿರುಗುವ ಯೋಚನೆ ಸ್ವಲ್ಪವಾದರೂ ಇದ್ದರೆ ಎ-ಲೆವೆಲ್, ಐಬಿ ಅಥವಾ 12 ಮುಗಿಸಿಯೇ ಡಿಗ್ರಿಗೆ ಕಳಿಸಿ.

ಹೆಸರಿನಲ್ಲಿರುವ ಇನಿಷಿಯಲ್

ಇದು ಕನ್ನಡಿಗರಿಗೇ ಹೆಚ್ಚಾಗಿ ಎದುರಾಗುವ ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಚೈತ್ರಾ ಬಿ. ಎಸ್.’ ಎಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಆ ‘ಬಿ’ ಊರಿನ ಹೆಸರಾಗಿ, ‘ಎಸ್’ ತಂದೆಯ ಹೆಸರಾಗಿ ಬಿಡಿಸಿಕೊಂಡಿರುತ್ತದೆ, ಇಲ್ಲವೇ ಸರ್‌ನೇಮ್ ಜಾಗವೇ ಖಾಲಿ ಇರುತ್ತದೆ. ಕೀನ್ಯಾದ ಅರ್ಜಿಗಳು ಸರ್‌ನೇಮ್, ಫಸ್ಟ್ ನೇಮ್, ಅದರ್ ನೇಮ್ಸ್ ಎಂದು ಮೂರು ಖಾನೆ ಕೇಳುತ್ತವೆ. ಒಂದು ಕಡೆ ಒಂದು ಬಗೆ, ಇನ್ನೊಂದು ಕಡೆ ಇನ್ನೊಂದು ಬಗೆ ತುಂಬಿದರೆ ಪ್ರವೇಶ ಪತ್ರ, ಸ್ಟೂಡೆಂಟ್ ಪಾಸ್, ಟ್ರಾನ್ಸ್‌ಕ್ರಿಪ್ಟ್ ಮೂರರಲ್ಲೂ ಮೂರು ಹೆಸರಾಗಿ, ಕೊನೆಗೆ ಡಿಗ್ರಿ ಸರ್ಟಿಫಿಕೇಟು ಯಾರದ್ದು ಎಂದು ಸಾಬೀತು ಮಾಡುವುದೇ ಒಂದು ಕೆಲಸವಾಗುತ್ತದೆ.

ಪರಿಹಾರ ಕಷ್ಟದ್ದಲ್ಲ, ಮೊದಲೇ ಮಾಡಬೇಕು ಅಷ್ಟೆ. ಎಲ್ಲ ಅರ್ಜಿಗಳಲ್ಲೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಅದೇ ಕ್ರಮದಲ್ಲಿ, ಅದೇ ಸ್ಪೆಲ್ಲಿಂಗಿನಲ್ಲಿ ಹೆಸರು ತುಂಬಿ. ಅಂಕಪಟ್ಟಿಯ ಹೆಸರು ಬೇರೆ ಇದ್ದರೆ ಎರಡೂ ಹೆಸರು ಒಬ್ಬರದ್ದೇ ಎಂದು ಪ್ರಮಾಣಪತ್ರ ಮಾಡಿಸಿ. ಊರಿನಲ್ಲಾದರೆ ನೋಟರಿ ಬಳಿ, ನೈರೋಬಿಯಲ್ಲಾದರೆ ಕಮಿಷನರ್ ಫಾರ್ ಓತ್ಸ್ ಆಗಿರುವ ವಕೀಲರ ಬಳಿ. ಸರ್‌ನೇಮ್ ಖಾಲಿ ಇರುವ ಪಾಸ್‌ಪೋರ್ಟನ್ನು ಸಾಧ್ಯವಾದರೆ ಅರ್ಜಿಗೂ ಮುಂಚೆ ತಿದ್ದಿಸಿಕೊಳ್ಳಿ. ಆನ್‌ಲೈನ್ ಫಾರ್ಮುಗಳು ಆ ಖಾನೆ ಖಾಲಿ ಬಿಟ್ಟರೆ ಮುಂದಕ್ಕೇ ಹೋಗುವುದಿಲ್ಲ. ಪ್ರವೇಶ ಪತ್ರ ಬಂದ ದಿನವೇ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ಒಂದು ‘ಎಚ್’ ಹೆಚ್ಚುಕಡಿಮೆಯಾದರೂ ಆಗಲೇ ತಿದ್ದಿಸಿ. ಪದವಿ ಪ್ರದಾನಕ್ಕೆ ಅರ್ಜಿ ಹಾಕುವಾಗ ಇನ್ನೊಮ್ಮೆ ಹೋಲಿಸಿ. ಸರ್ಟಿಫಿಕೇಟ್ ಮುದ್ರಣವಾದ ಮೇಲೆ ತಿದ್ದುವುದು ಬಹಳ ಕಷ್ಟ.

ಯಾವಾಗ ಅರ್ಜಿ ಹಾಕಬೇಕು

ಯುಎಸ್‌ಐಯುನಲ್ಲಿ ವರ್ಷಕ್ಕೆ ಮೂರು ಸೆಮಿಸ್ಟರ್: ಜನವರಿ, ಮೇ, ಸೆಪ್ಟೆಂಬರ್. ಹಲವು ಖಾಸಗಿ ವಿಶ್ವವಿದ್ಯಾಲಯಗಳೂ ಹೆಚ್ಚುಕಡಿಮೆ ಇದೇ ತಿಂಗಳುಗಳಲ್ಲಿ ಸೇರಿಸಿಕೊಳ್ಳುತ್ತವೆ, ಆದರೆ ಎಲ್ಲ ಕೋರ್ಸ್‌ಗಳಿಗೂ ಮೂರು ಬಾಗಿಲೂ ತೆರೆದಿರುವುದಿಲ್ಲ. ಸಿಬಿಎಸ್‌ಇ ಫಲಿತಾಂಶ ಬರುವುದು ಮೇ ತಿಂಗಳಲ್ಲಿ. ಮೇ ಸೆಮಿಸ್ಟರಿಗೆ ಓಡೋಡಿ ಸೇರುವುದಕ್ಕಿಂತ ಸೆಪ್ಟೆಂಬರಿನದೇ ಮೇಲು. ಶಾಲೆಯಿಂದ ಪತ್ರ ಪಡೆದು ಮಾರ್ಚ್-ಏಪ್ರಿಲ್‌ನಲ್ಲೇ ಅರ್ಜಿ ಹಾಕಿ, ಫಲಿತಾಂಶ ಬಂದ ಕೂಡಲೇ ಅಂಕಪಟ್ಟಿ ಸೇರಿಸಿದರೆ ಪಾಸ್ ಮಾಡಿಸಲು ಮೂರು ತಿಂಗಳು ಸಿಗುತ್ತದೆ. ಊರಿನಿಂದ ಬರುವವರಿಗಂತೂ ಈ ಮೂರು ತಿಂಗಳು ಬೇಕೇ ಬೇಕು.

ಕೀನ್ಯಾದ ಶಾಲಾ ಪದ್ಧತಿ ಬದಲಾಗುತ್ತಿರುವುದನ್ನೂ ಗಮನದಲ್ಲಿಡಿ. ಹಳೆಯ 8-4-4 ಪದ್ಧತಿಯ (8 ವರ್ಷ ಪ್ರಾಥಮಿಕ, 4 ವರ್ಷ ಪ್ರೌಢ, 4 ವರ್ಷ ಡಿಗ್ರಿ) ಕೊನೆಯ ತಂಡ 2027ರಲ್ಲಿ ಕೆಸಿಎಸ್‌ಇ ಬರೆಯುತ್ತದೆ. ಹೊಸ ಪದ್ಧತಿಯ ಮೊದಲ ತಂಡ 2026ರ ಜನವರಿಯಲ್ಲಿ 10ನೇ ತರಗತಿಗೆ ಬಂದು, 2029ರ ಹೊತ್ತಿಗೆ ವಿಶ್ವವಿದ್ಯಾಲಯದ ಬಾಗಿಲಿಗೆ ಬರುತ್ತದೆ. ಹೊಸ ಪದ್ಧತಿಯಲ್ಲಿ ಡಿಗ್ರಿಗೆ 3 ವರ್ಷ ಎಂದಿದೆ. ಮಕ್ಕಳು ಇನ್ನೂ 8-9ನೇ ತರಗತಿಯಲ್ಲಿದ್ದರೆ ಇಂದಿನ ಕೋರ್ಸ್ ವಿವರ ನೋಡಿ ಲೆಕ್ಕ ಹಾಕಬೇಡಿ.

ಫೀಸಿನ ಲೆಕ್ಕ

ಫೀಸ್ ಪಟ್ಟಿ ಓದುವಾಗ ಎಲ್ಲರೂ ಎಡವುವ ಪದ ‘ಯೂನಿಟ್’. ಕೀನ್ಯಾದ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಯೂನಿಟ್ ಎಂದರೆ ಒಂದು ಇಡೀ ವಿಷಯ. ‘ಈ ಸೆಮಿಸ್ಟರ್ 6 ಯೂನಿಟ್’ ಎಂದರೆ 6 ವಿಷಯ. ಅಮೆರಿಕದ ಮಾದರಿಯಲ್ಲಿ ನಡೆಯುವ ಕಡೆ ಯೂನಿಟ್ ಎಂದರೆ ಕ್ರೆಡಿಟ್, ಒಂದು ವಿಷಯಕ್ಕೆ ಸಾಮಾನ್ಯವಾಗಿ 3. ಎರಡು ಫೀಸ್ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ‘ಯೂನಿಟ್ಟಿಗೆ ಇಷ್ಟು’ ಎಂಬುದನ್ನೇ ಹೋಲಿಸಿದರೆ ಲೆಕ್ಕ ಮೂರು ಪಟ್ಟು ತಪ್ಪುತ್ತದೆ.

ಲೆಕ್ಕ ಹಾಕುವ ಸರಿಯಾದ ಬಗೆ ಹೀಗೆ. ಡಿಗ್ರಿ ಮುಗಿಸಲು ಒಟ್ಟು 120 ಕ್ರೆಡಿಟ್ ಬೇಕು, ಕ್ರೆಡಿಟ್ಟಿಗೆ 10,000 ಶಿಲ್ಲಿಂಗ್ ಎಂದು ಇಟ್ಟುಕೊಳ್ಳಿ (ಲೆಕ್ಕ ತೋರಿಸಲು ಹಿಡಿದ ಸಂಖ್ಯೆ, ಯಾವ ಸಂಸ್ಥೆಯದ್ದೂ ಅಲ್ಲ). ಪಾಠದ ಶುಲ್ಕವೇ 12 ಲಕ್ಷ ಶಿಲ್ಲಿಂಗ್ ಆಯಿತು. ಇದಕ್ಕೆ ಪ್ರತಿ ಸೆಮಿಸ್ಟರ್ ಕಟ್ಟುವ ಗ್ರಂಥಾಲಯ, ಲ್ಯಾಬ್, ವೈದ್ಯಕೀಯ ವಿಮೆ, ವಿದ್ಯಾರ್ಥಿ ಸಂಘದ ಶುಲ್ಕಗಳನ್ನು 8ರಿಂದ ಗುಣಿಸಿ ಸೇರಿಸಿ. ಒಮ್ಮೆ ಮಾತ್ರ ಕಟ್ಟುವ ಅರ್ಜಿ ಶುಲ್ಕ, ಹಿಂತಿರುಗಿ ಬರುವ ಕಾಷನ್ ಮನಿ, ಕೊನೆಯಲ್ಲಿ ಪದವಿ ಪ್ರದಾನದ ಶುಲ್ಕ ಸೇರಿಸಿ. ವಿದೇಶಿ ವಿದ್ಯಾರ್ಥಿಗಳಿಗೆ ಬೇರೆ ದರ ಇದೆಯೇ ಕೇಳಿ. ಫೀಸ್ ಪ್ರತಿ ವರ್ಷ ಏರುತ್ತದೆಯೋ, ಸೇರಿದ ವರ್ಷದ ದರವೇ ಕೊನೆತನಕ ಇರುತ್ತದೆಯೋ ಎಂಬುದನ್ನೂ ಕೇಳಿ. ಸರ್ಕಾರಿ ವಿದ್ಯಾರ್ಥಿ ಸಾಲ ಕೊಡುವ ಹೆಲ್ಬ್ ಕೀನ್ಯಾದ ಪೌರರಿಗಷ್ಟೇ, ಅದನ್ನು ಲೆಕ್ಕಕ್ಕೆ ತರಬೇಡಿ.

ಫೇಲಾದ ವಿಷಯಕ್ಕೆ ಪೂರ್ತಿ ಫೀಸ್ ಮತ್ತೆ ಕಟ್ಟಬೇಕಾಗುವ ಕಡೆಗಳೇ ಹೆಚ್ಚು. ಸೆಮಿಸ್ಟರ್ ಶುರುವಾದ ಮೇಲೆ ವಿಷಯ ಕೈಬಿಡಲು ಒಂದು ಗಡುವು ಇರುತ್ತದೆ. ಅದು ದಾಟಿದರೆ ಹಣ ವಾಪಸು ಬರುವುದಿಲ್ಲ. ಈ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಹಣ ಕಟ್ಟುವುದು ನೈರೋಬಿಯಿಂದಾದರೆ ಮೊಬೈಲಿನಲ್ಲೇ ಹಣ ಕಳಿಸುವ ಎಂ-ಪೆಸಾ ಸುಲಭ. ಲಿಪಾ ನಾ ಎಂ-ಪೆಸಾ, ಆಮೇಲೆ ಪೇ ಬಿಲ್, ಬಿಸಿನೆಸ್ ನಂಬರ್, ಅಕೌಂಟ್ ನಂಬರ್, ಮೊತ್ತ, ಪಿನ್: ಕ್ರಮ ಇಷ್ಟೇ. ಎಡವಟ್ಟಾಗುವುದು ಅಕೌಂಟ್ ನಂಬರಿನಲ್ಲಿ. ಅಲ್ಲಿ ವಿದ್ಯಾರ್ಥಿಯ ಅಡ್ಮಿಷನ್ ನಂಬರ್ ಹಾಕಬೇಕು, ಗೆರೆ-ಚುಕ್ಕಿಗಳಿದ್ದರೆ ಸಂಸ್ಥೆ ಹೇಳಿದಂತೆಯೇ ಹಾಕಬೇಕು. ಅಪ್ಪನ ಹೆಸರೋ ಫೋನ್ ನಂಬರೋ ಹಾಕಿದರೆ ಹಣ ವಿಶ್ವವಿದ್ಯಾಲಯದ ಖಾತೆಗೆ ಹೋಗಿ ಸೇರುತ್ತದೆ, ಮಗುವಿನ ಖಾತೆಗೆ ಮಾತ್ರ ಜಮೆಯಾಗುವುದಿಲ್ಲ. ಆಗ 10 ಅಕ್ಷರಗಳ ವಹಿವಾಟು ಕೋಡ್ ಇರುವ ಎಸ್‌ಎಂಎಸ್ ತೋರಿಸಿ ಹಣಕಾಸು ವಿಭಾಗದಲ್ಲಿ ಸರಿಪಡಿಸಿಕೊಳ್ಳಬೇಕು. ಬಿಸಿನೆಸ್ ನಂಬರೇ ತಪ್ಪಾಗಿದ್ದರೆ ಆ ಎಸ್‌ಎಂಎಸ್ಸನ್ನು ತಕ್ಷಣ 456ಕ್ಕೆ ಕಳಿಸಿ. ಒಂದು ವಹಿವಾಟಿಗೆ 2,50,000 ಶಿಲ್ಲಿಂಗ್ ಮಿತಿ ಇದೆ. ಅದಕ್ಕಿಂತ ಹೆಚ್ಚಿದ್ದರೆ ಎರಡು ಕಂತು ಮಾಡಿ ಅಥವಾ ಬ್ಯಾಂಕಿನಲ್ಲಿ ಕಟ್ಟಿ. ಅಡ್ಮಿಷನ್ ಕೊಡಿಸುತ್ತೇನೆ ಎಂದು ಯಾರಾದರೂ ಸ್ವಂತ ಮೊಬೈಲ್ ನಂಬರಿಗೆ ಹಣ ಕಳಿಸಲು ಹೇಳಿದರೆ ಅಲ್ಲಿಗೇ ನಿಲ್ಲಿಸಿ. ಸಂಸ್ಥೆಯ ಹಣ ಸಂಸ್ಥೆಯ ಪೇಬಿಲ್ಲಿಗೋ ಬ್ಯಾಂಕ್ ಖಾತೆಗೋ ಮಾತ್ರ ಹೋಗಬೇಕು.

ಊರಿನಿಂದ ಕಳಿಸುವವರು ಬ್ಯಾಂಕಿನಲ್ಲಿ ಫಾರ್ಮ್ ಎ2 ತುಂಬಿ, ಪ್ರವೇಶ ಪತ್ರ ಮತ್ತು ಫೀಸ್ ಇನ್‌ವಾಯ್ಸ್ ಕೊಟ್ಟು, ನೇರವಾಗಿ ವಿಶ್ವವಿದ್ಯಾಲಯದ ಖಾತೆಗೆ ಕಳಿಸಿ. ವಿದೇಶದ ಓದಿಗೆ ಪರ್ಪಸ್ ಕೋಡ್ ಎಸ್0305. ಶಿಕ್ಷಣಕ್ಕೆಂದು ನಮೂದಾಗದಿದ್ದರೆ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ತೆರಿಗೆಯ, ದರ ಬೇರೆಯಾಗುತ್ತದೆ. ದರ ಬಜೆಟ್‌ನಲ್ಲಿ ಬದಲಾಗುವುದರಿಂದ ಆ ವರ್ಷದ್ದನ್ನು ಬ್ಯಾಂಕಿನಲ್ಲೇ ಕೇಳಿ. ಮಧ್ಯದ ಬ್ಯಾಂಕುಗಳು ಶುಲ್ಕ ಮುರಿದುಕೊಳ್ಳುತ್ತವೆ. ಎಲ್ಲ ಶುಲ್ಕ ಕಳಿಸುವವರದೇ ಎಂಬ ಆಯ್ಕೆ ಗುರುತು ಮಾಡದಿದ್ದರೆ ಅಲ್ಲಿ ತಲುಪುವಾಗ ಫೀಸ್ ಕಡಿಮೆ ಬೀಳುತ್ತದೆ. ಸಣ್ಣ ಬಾಕಿ ಎಂದು ಬಿಟ್ಟರೆ ಪರೀಕ್ಷೆಯ ಹೊತ್ತಿಗೆ ಎಕ್ಸಾಮ್ ಕಾರ್ಡ್ ಸಿಗದೆ ಹೋಗಬಹುದು.

ಸ್ಟೂಡೆಂಟ್ ಪಾಸ್

2024ರ ಜನವರಿಯಿಂದ ಕೀನ್ಯಾಕ್ಕೆ ಬರಲು ವೀಸಾ ಬದಲು ಇಟಿಎ ಎಂಬ ಆನ್‌ಲೈನ್ ಅನುಮತಿ ಸಾಕು. ಆದರೆ ಅದು ದೇಶದೊಳಗೆ ಬರಲು ಮಾತ್ರ, ಓದಲು ಸ್ಟೂಡೆಂಟ್ ಪಾಸ್ ಬೇಕು. ವಲಸೆ ಇಲಾಖೆಯ ಇ-ಎಫ್‌ಎನ್‌ಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಬೇಕು. ಕಾಗದಪತ್ರ ಪರಿಶೀಲನೆಯ ಕೆಲಸಗಳಿಗೆ ಪೇಟೆಯ ನ್ಯಾಯೊ ಹೌಸ್. ಅರ್ಜಿಗೆ ಸಂಸ್ಥೆಯ ಪತ್ರ, ಪ್ರವೇಶ ಪತ್ರ, ಪಾಸ್‌ಪೋರ್ಟ್ ಪ್ರತಿ, ಫೋಟೊ ಬೇಕು. ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ವಿಭಾಗದವರು ಈ ಕೆಲಸ ದಿನವೂ ಮಾಡುತ್ತಿರುತ್ತಾರೆ. ಏಜೆಂಟರ ಹಿಂದೆ ಹೋಗದೆ ಅವರ ಮೂಲಕವೇ ಹೋಗಿ. 18 ದಾಟಿದವರು 90 ದಿನಕ್ಕಿಂತ ಹೆಚ್ಚು ಇರುವುದಾದರೆ ವಿದೇಶಿಯರ ಗುರುತಿನ ಚೀಟಿಯನ್ನೂ, ಅಂದರೆ ಏಲಿಯನ್ ಕಾರ್ಡನ್ನೂ, ಮಾಡಿಸಬೇಕು.

ತಂದೆಯ ಕ್ಲಾಸ್ ಡಿ ವರ್ಕ್ ಪರ್ಮಿಟ್ ಮೇಲೆ ಡಿಪೆಂಡೆಂಟ್ ಪಾಸ್ ಇದೆ, ಅದೇ ಸಾಕು ಎಂದು ಸುಮ್ಮನಿರಬೇಡಿ. ಮಗು ಶಾಲೆ ಬಿಟ್ಟು ವಿಶ್ವವಿದ್ಯಾಲಯಕ್ಕೆ ಹೋಗುವಾಗ, ವಯಸ್ಸು 18 ದಾಟುವಾಗ, ತಂದೆ ಕೆಲಸ ಬದಲಿಸುವಾಗ ಪಾಸಿನ ಸ್ಥಿತಿ ಬದಲಾಗುತ್ತದೆ. ಸೇರುವ ತಿಂಗಳಲ್ಲೇ ಕೇಳಿ ಸ್ಪಷ್ಟ ಮಾಡಿಕೊಳ್ಳಿ. ನವೀಕರಣಕ್ಕೆ ಕನಿಷ್ಠ ಎರಡು ತಿಂಗಳು ಮುಂಚೆ ಅರ್ಜಿ ಹಾಕಿ. ಸ್ಟೂಡೆಂಟ್ ಪಾಸಿನಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ. ಇಂಟರ್ನ್‌ಶಿಪ್‌ಗೆ ಪ್ರತ್ಯೇಕ ಇಂಟರ್ನ್‌ಶಿಪ್ ಪಾಸ್ ಇದೆ, ಮೂರನೆಯ ವರ್ಷ ಬಂದಾಗ ಅದನ್ನು ಮರೆಯಬೇಡಿ.

ಊರಿನಿಂದ ಬರುವವರು ಹಳದಿ ಜ್ವರದ ಲಸಿಕೆಯನ್ನು ಹೊರಡುವ 10 ದಿನ ಮೊದಲೇ ಹಾಕಿಸಿಕೊಳ್ಳಿ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. ರಜೆಗೆ ಊರಿಗೆ ಹೋಗುವಾಗ ಆ ಹಳದಿ ಪುಸ್ತಕ ಪಾಸ್‌ಪೋರ್ಟ್ ಜೊತೆಗಿರಲಿ. ಇಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲಿ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು.

ಇರುವುದು, ಉಣ್ಣುವುದು

ಪಾರ್ಕ್‌ಲ್ಯಾಂಡ್ಸ್, ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಮನೆಯಿದ್ದು ಮದರಾಕಾಕ್ಕೋ ಕಸರಾನಿಗೋ ದಿನವೂ ಹೋಗಿಬರುವುದಾದರೆ ಬೆಳಗಿನ ಟ್ರಾಫಿಕ್ಕನ್ನು ಒಮ್ಮೆ ಖುದ್ದಾಗಿ ನೋಡಿ ನಿರ್ಧರಿಸಿ. 8 ಗಂಟೆಯ ತರಗತಿಗೆ ಥಿಕಾ ರಸ್ತೆಯಲ್ಲಿ ಹೋಗಬೇಕೆಂದರೆ 6:30ರೊಳಗೆ ಹೊರಡಬೇಕಾಗುತ್ತದೆ. ಯುಎಸ್‌ಐಯುಗೆ ಮತಾಟುವಿನಲ್ಲಿ (ಇಲ್ಲಿನ ಖಾಸಗಿ ಮಿನಿಬಸ್) ಹೋಗುವವರು ಸಫಾರಿ ಪಾರ್ಕ್ ಸ್ಟೇಜಿನಲ್ಲಿ ಇಳಿಯಬಹುದು. ಕತ್ತಲಾದ ಮೇಲೆ ಕ್ಯಾಂಪಸ್ಸಿನಿಂದ ಮುಖ್ಯ ರಸ್ತೆಗೆ ಒಬ್ಬರೇ ನಡೆಯಬೇಡಿ. ಖಾಸಗಿ ವಿದ್ಯಾರ್ಥಿ ನಿಲಯಗಳಲ್ಲಿ ಕ್ವೆಟು ಹೆಸರಿನವು ಹಲವು ಬಡಾವಣೆಗಳಲ್ಲಿವೆ. ಎಲ್ಲೇ ಆದರೂ ನೀರಿನ ಟ್ಯಾಂಕು, ಜನರೇಟರು, ಅಡುಗೆಗೆ ಅವಕಾಶ ಇವು ಮೂರನ್ನು ನೋಡದೆ ಮುಂಗಡ ಕೊಡಬೇಡಿ.

ಸಸ್ಯಾಹಾರಿಗಳಿಗೆ ಕ್ಯಾಂಟೀನಿನಲ್ಲಿ ಉಪವಾಸವೇನೂ ಬೀಳುವುದಿಲ್ಲ. ಚಪಾತಿ ಇಲ್ಲಿನವರದ್ದೂ ನಿತ್ಯದ ಊಟ. ಅದರ ಜೊತೆ ಎನ್‌ಡೆಂಗು, ಅಂದರೆ ನಮ್ಮ ಹೆಸರುಕಾಳಿನ ಸಾರು. ಮೆಕ್ಕೆಜೋಳ ಮತ್ತು ಹುರುಳಿಕಾಯಿ ಬೀಜ ಬೇಯಿಸಿದ ಗಿಥೆರಿ ಇದೆ, ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ ಇದೆ. ಬೇಯಿಸುವಾಗ ಮಾಂಸದ ಸಾರು ಸೇರಿಸಿದ್ದಾರೆಯೇ ಎಂದು ಕೇಳಿ ತಿನ್ನಿ. ಮುದ್ದೆ ಬೇಕೆನಿಸಿದವರು ಸೂಪರ್ ಮಾರ್ಕೆಟ್ಟಿನಲ್ಲಿ ‘ವಿಂಬಿ’ ಹಿಟ್ಟು ಹುಡುಕಿ. ವಿಂಬಿ ಎಂದರೆ ರಾಗಿಯೇ, ರಾಗಿಯ ಮೂಲ ನೆಲವೂ ಪೂರ್ವ ಆಫ್ರಿಕಾದ ಈ ಎತ್ತರದ ಪ್ರದೇಶವೇ. ಪೊಟ್ಟಣದ ಮೇಲೆ ಬಿಳಿಜೋಳ, ಮರಗೆಣಸು ಬೆರೆಸಿದೆ ಎಂದಿದ್ದರೆ ಅದು ಗಂಜಿಯ ಹಿಟ್ಟು, ಮುದ್ದೆ ಕಟ್ಟಲು ಬರುವುದಿಲ್ಲ. ಬರಿ ವಿಂಬಿಯದೇ ತನ್ನಿ. ಜೂನ್‌ನಿಂದ ಆಗಸ್ಟ್‌ವರೆಗೆ ಸ್ವೆಟರ್ ಇಲ್ಲದೆ ಬೆಳಗಿನ ತರಗತಿಯಲ್ಲಿ ಕೂರಲಾಗದು, ಆಫ್ರಿಕಾ ಎಂದರೆ ಸೆಖೆ ಎಂದುಕೊಂಡು ಬರೀ ತೆಳು ಬಟ್ಟೆ ತುಂಬಿಕೊಂಡು ಬರಬೇಡಿ.

ಮಾಯವಾಗುವ ಅಂಕಗಳು ಮತ್ತು ನಾಲ್ಕು ವರ್ಷದ ಫೈಲು

ಕೀನ್ಯಾದ ವಿದ್ಯಾರ್ಥಿಗಳೆಲ್ಲರಿಗೂ ಗೊತ್ತಿರುವ ಮಾತು ‘ಮಿಸ್ಸಿಂಗ್ ಮಾರ್ಕ್ಸ್’. ಪರೀಕ್ಷೆ ಬರೆದಿರುತ್ತಾರೆ, ಪೋರ್ಟಲ್ಲಿನಲ್ಲಿ ಅಂಕ ಇರುವುದಿಲ್ಲ. ಹೆಚ್ಚಾಗಿ ಕಾರಣ ಎರಡು: ಸೆಮಿಸ್ಟರಿನ ಆರಂಭದಲ್ಲಿ ಪೋರ್ಟಲ್ಲಿನಲ್ಲಿ ಆ ವಿಷಯಕ್ಕೆ ನೋಂದಣಿ ಮಾಡಿಲ್ಲ, ಅಥವಾ ಮಧ್ಯಂತರ ಪರೀಕ್ಷೆಯ ಅಂಕ, ಇಲ್ಲಿನವರು ‘ಕ್ಯಾಟ್’ ಎನ್ನುವುದು, ಉಪನ್ಯಾಸಕರ ಹಾಳೆಯಿಂದ ಗಣಕಕ್ಕೆ ಏರಿಲ್ಲ. ನಾಲ್ಕನೆಯ ವರ್ಷ ಪದವಿ ಪಟ್ಟಿ ತಯಾರಾಗುವಾಗ ಇದು ಹೊರಬೀಳುತ್ತದೆ. ಅಷ್ಟರಲ್ಲಿ ಆ ಉಪನ್ಯಾಸಕರು ಬೇರೆ ಕಡೆ ಹೋಗಿರುತ್ತಾರೆ. ಹಣ ಕಟ್ಟಿದ ಕೂಡಲೇ ವಿಷಯ ನೋಂದಣಿ ಮಾಡಿ, ಆ ಪುಟ ಮುದ್ರಿಸಿ. ತಿದ್ದಿ ಕೊಟ್ಟ ಕ್ಯಾಟ್ ಉತ್ತರಪತ್ರಿಕೆ, ಎಕ್ಸಾಮ್ ಕಾರ್ಡುಗಳನ್ನು ಎಸೆಯಬೇಡಿ. ಪರೀಕ್ಷಾ ಕೊಠಡಿಯಲ್ಲಿ ಹಾಜರಿ ಹಾಳೆಗೆ ಸಹಿ ಹಾಕದೆ ಹೊರಬರಬೇಡಿ. ಪ್ರತಿ ಸೆಮಿಸ್ಟರ್ ಫಲಿತಾಂಶ ಬಂದ ವಾರದಲ್ಲೇ ಎಲ್ಲ ವಿಷಯದ ಅಂಕ ಇದೆಯೇ ನೋಡಿ, ಇಲ್ಲದಿದ್ದರೆ ವಿಭಾಗಕ್ಕೆ ಬರವಣಿಗೆಯಲ್ಲಿ ದೂರು ಕೊಡಿ.

ಭಾರತಕ್ಕೆ ಹಿಂತಿರುಗುವವರ ಫೈಲು ಇದರ ಮೇಲೆಯೇ ನಿಲ್ಲುತ್ತದೆ. ವಿದೇಶಿ ಡಿಗ್ರಿಗಳ ಸಮಾನತೆಗೆ ಯುಜಿಸಿ 2025ರಲ್ಲಿ ಹೊಸ ನಿಯಮ ತಂದಿದೆ. ಸಂಸ್ಥೆ ಆ ದೇಶದಲ್ಲಿ ಮಾನ್ಯತೆ ಪಡೆದಿರಬೇಕು, ರೆಗ್ಯುಲರ್ ಆಗಿ ಓದಿರಬೇಕು, ಪ್ರವೇಶದ ಅರ್ಹತೆ ಭಾರತದ ಅದೇ ಮಟ್ಟದ ಕೋರ್ಸಿಗೆ ಹೋಲುವಂತಿರಬೇಕು ಎಂಬುದು ಅದರ ತಿರುಳು. ವೈದ್ಯಕೀಯ, ಫಾರ್ಮಸಿ, ನರ್ಸಿಂಗ್, ಕಾನೂನು, ಆರ್ಕಿಟೆಕ್ಚರ್ ಇದರೊಳಗೆ ಬರುವುದಿಲ್ಲ, ಅವುಗಳಿಗೆ ಆಯಾ ಮಂಡಳಿಗಳೇ. ಫೈಲಿನಲ್ಲಿ ಇಷ್ಟಿರಲಿ: 10 ಮತ್ತು 12ರ ಅಂಕಪಟ್ಟಿ, ಪ್ರವೇಶ ಪತ್ರ, ಕೋರ್ಸಿನ ಅನುಮೋದನೆ ತೋರಿಸುವ ಸಿಯುಇ ಪುಟ ಅಥವಾ ಪತ್ರ, ಎಲ್ಲ ಸೆಮಿಸ್ಟರಿನ ಟ್ರಾನ್ಸ್‌ಕ್ರಿಪ್ಟ್, ವಿಭಾಗದ ಮುದ್ರೆ ಇರುವ ಸಿಲಬಸ್, ಸ್ಟೂಡೆಂಟ್ ಪಾಸ್ ಮತ್ತು ವಲಸೆ ಮುದ್ರೆಗಳಿರುವ ಪಾಸ್‌ಪೋರ್ಟಿನ ಪುಟಗಳು. ಪಾಸ್‌ಪೋರ್ಟ್ ನವೀಕರಿಸಿದರೂ ಹಳೆಯದನ್ನು ಜೋಪಾನ ಮಾಡಿ, ಅಲ್ಲಿದ್ದುಕೊಂಡೇ ಓದಿದ್ದಕ್ಕೆ ಅದೇ ಸಾಕ್ಷಿ. ಡಿಗ್ರಿ ಸರ್ಟಿಫಿಕೇಟಿಗೆ ಕೀನ್ಯಾದ ವಿದೇಶಾಂಗ ಸಚಿವಾಲಯದ ದೃಢೀಕರಣ, ಆಮೇಲೆ ಭಾರತದ ಹೈಕಮಿಷನ್ನಿನ ದೃಢೀಕರಣ, ಇವೆರಡನ್ನೂ ನೈರೋಬಿ ಬಿಡುವ ಮುಂಚೆಯೇ ಮಾಡಿಸಿಕೊಳ್ಳಿ. ಬೆಂಗಳೂರಿನಿಂದ ಇವುಗಳನ್ನು ಮಾಡಿಸಲು ಹೋದರೆ ಸರ್ಟಿಫಿಕೇಟನ್ನು ಕೊರಿಯರ್‌ನಲ್ಲಿ ಕಳಿಸಿ, ನೈರೋಬಿಯಲ್ಲಿ ಓಡಾಡುವವರನ್ನು ಹುಡುಕಿಕೊಳ್ಳಬೇಕಾಗುತ್ತದೆ.